ಎಂಟು ಬರೆಯುವ ಮೊದಲು ಒಂಬತ್ತನೇ ಸೆಕ್ಷನ್ ಓದು

ಪ್ರೀತಿಯ ಹವಾಲ್ದಾರನಿಗೆ,

ನಿನ್ನ ಸಿಟ್ಟಿನ ಪತ್ರ ತಲುಪಿತು. ನಿವೃತ್ತನಾಗಿ ಬಂದು ಸ್ವಂತ ಬೈಕಿಗೆ ಲೈಸೆನ್ಸ್ ಕೇಳಲು ಆರ್‌ಟಿಒ ಕಚೇರಿಗೆ ಹೋದರೆ, ಸೇನೆಯ ಲೈಸೆನ್ಸ್ ಇಲ್ಲಿ ನಡೆಯದು, ಚಾಲನಾ ಪರೀಕ್ಷೆ ಕೊಡು ಎಂದರಂತೆ. ಸೇನೆಯ ಸಂದೇಶಗಳನ್ನು ಬೈಕಿನಲ್ಲಿ ಒಯ್ಯುವ ಡಿಸ್ಪ್ಯಾಚ್ ರೈಡರ್ ಆಗಿ ಹಿಮದಲ್ಲೂ ಮರಳಿನಲ್ಲೂ ಬುಲೆಟ್ ಓಡಿಸಿದವನಿಗೆ, ಮೈದಾನದಲ್ಲಿ ಕಾಲೂರದೆ ಬೈಕಿನಲ್ಲಿ ಎಂಟರ ಆಕಾರ ಬರೆದು ತೋರಿಸು ಎಂದರೆ ಮೈ ಉರಿಯದೆ ಇರುತ್ತದೆಯೇ? 2017ರಲ್ಲಿ ಯಲಹಂಕದಲ್ಲಿ ಒಂದೇ ಬೈಕಿನ ಮೇಲೆ 58 ಜನ ಸಾಗಿ ದಾಖಲೆ ಮಾಡಿದರಲ್ಲ, ನಿಮ್ಮ ಎಎಸ್‌ಸಿಯ (ಸೇನೆಯ ಸರಬರಾಜು-ಸಾರಿಗೆ ದಳ) ಟಾರ್ನೆಡೋಸ್ ಬೈಕ್ ಸಾಹಸ ತಂಡದವರು, ಅವರು ನಿವೃತ್ತರಾಗಿ ಬಂದರೂ ಕೌಂಟರಿನವರು ಇದೇ ಮಾತು ಹೇಳುತ್ತಾರೋ ಏನೋ!

ಆದರೆ ಕಾನೂನನ್ನು ಬೈಯಬೇಡ ಮಾರಾಯ, ಅದು ನಿನ್ನ ಕಡೆಗೇ ಇದೆ. ಸೇನೆಯ ಲೈಸೆನ್ಸ್ 1988ರ ಮೋಟಾರು ವಾಹನ ಕಾಯ್ದೆಯ 18ನೇ ಸೆಕ್ಷನ್ನಿನದು. ಅದನ್ನು ಹಿಡಿದು ಸೇನೆಯ ಗಾಡಿ ಓಡಿಸಬಹುದು, ಸ್ವಂತ ಬೈಕನ್ನಲ್ಲ. ಕೌಂಟರಿನವರು ಅಷ್ಟು ಹೇಳಿದ್ದು ಸರಿ. ಅವರು ಓದದೆ ಬಿಟ್ಟದ್ದು 9ನೇ ಸೆಕ್ಷನ್ನಿನ ಮೂರನೇ ಉಪಸೆಕ್ಷನ್. 18ರ ಅಡಿಯ ಲೈಸೆನ್ಸ್ ಈಗ ಇದ್ದರೂ ಹಿಂದೆ ಇದ್ದರೂ, ಅದೇ ವರ್ಗದ ವಾಹನಕ್ಕೆ ಅರ್ಜಿ ಹಾಕಿದವರಿಗೆ ಚಾಲನಾ ಪರೀಕ್ಷೆ ಬೇಕಿಲ್ಲ ಎಂದು ಅಲ್ಲಿದೆ. ಓಡಿಸಿದರೆ ಜನರಿಗೆ ಅಪಾಯವಾಗುವಂಥ ಅಂಗವೈಕಲ್ಯ ಇರಬಾರದು, ಅಷ್ಟೇ. ಹೊರದೇಶದ ಲೈಸೆನ್ಸ್ ತಂದವರಿಗೂ ಅಲ್ಲೇ ವಿನಾಯಿತಿ ಇದೆ. ಆ ಸಾಲು ನೆನಪಿರುವವರಿಗೆ ಅದರ ಪಕ್ಕದ ಸಾಲು ಹೇಗೆ ಮರೆಯುತ್ತದೆಯೋ ಕಾಣೆ.

ಇನ್ನು, ಮಾಜಿ ಸೈನಿಕರೆಲ್ಲರಿಗೂ ಪರೀಕ್ಷೆಯನ್ನೇ ತೆಗೆದುಬಿಡಬೇಕು ಎಂದು ಬರೆದಿದ್ದೀಯ. ಅದನ್ನು ನಾನು ಒಪ್ಪುವುದಿಲ್ಲ. ಮೂರು ಟನ್ನಿನ ಲಾರಿ ಓಡಿಸಿ ಬಂದವನಿಗೆ ಬೈಕಿನ ಲೈಸೆನ್ಸನ್ನು ಹಾಗೆಯೇ ಏಕೆ ಕೊಡಬೇಕು? 2008ರ ಅಮೆರಿಕದ ಸುದ್ದಿ ಕೇಳು: ಸುಮಾರು ಒಂದು ವರ್ಷದಲ್ಲಿ ಅವರ ಮರೀನ್ ದಳದ 25 ಜನ ಬೈಕ್ ಅಪಘಾತಗಳಲ್ಲಿ ಸತ್ತರು, ಅದೇ ಅವಧಿಯಲ್ಲಿ ಇರಾಕಿನ ಕಾಳಗದಲ್ಲಿ ಸತ್ತವರು 20. ಬೈಕಿನಲ್ಲಿ ಸತ್ತವರು ಬಹುತೇಕ ಎಲ್ಲರೂ ಸ್ಪೋರ್ಟ್ಸ್ ಬೈಕ್ ಏರಿದವರೇ. ಯುದ್ಧಕ್ಕೆ ಅಂಜದ ಹುಡುಗರು ತಿರುವಿಗೂ ಅಂಜಲಿಲ್ಲ. ಅಲ್ಲಿನ ಸೇನೆ ಬೈಕ್ ಸವಾರರಿಗೆ ತರಬೇತಿಯನ್ನು ಕಡ್ಡಾಯ ಮಾಡಿದೆ. ಅಲ್ಲಿನ ಹಲವು ರಾಜ್ಯಗಳು ಮಾನ್ಯತೆ ಪಡೆದ ತರಬೇತಿ ಮುಗಿಸಿದವರಿಗೆ ಸವಾರಿ ಪರೀಕ್ಷೆಯಿಂದ ವಿನಾಯಿತಿ ಕೊಡುತ್ತವೆ. ಸೇವೆಯನ್ನಲ್ಲ, ಕಲಿತದ್ದನ್ನು ಲೆಕ್ಕಕ್ಕೆ ಹಿಡಿಯುವ ಈ ಕ್ರಮವೇ ನನಗೆ ಸರಿ ಕಾಣುತ್ತದೆ. ನಮ್ಮ ಕಾಯ್ದೆಯ ‘ಅದೇ ವರ್ಗದ’ ಎಂಬ ಷರತ್ತೂ ಇದೇ ಜಾಡಿನದು.

ನಿನ್ನ ಸೇನಾ ಲೈಸೆನ್ಸಿನಲ್ಲಿ ಮೋಟಾರ್ ಸೈಕಲ್ ನಮೂದಾಗಿದೆಯೇ ನೋಡು. ಅದನ್ನೂ ಸೇನೆಯಿಂದ ಬಿಡುಗಡೆಯಾದಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕವನ್ನೂ 9ನೇ ಸೆಕ್ಷನ್ನಿನ ಪ್ರತಿಯನ್ನೂ ಒಟ್ಟಿಗೆ ಒಯ್ಯು. ಆಗುವುದಿಲ್ಲ ಎಂದರೆ ಜಗಳಕ್ಕೆ ನಿಲ್ಲಬೇಡ, ಕಾರಣ ಬರೆದುಕೊಡಿ ಎಂದು ಕೇಳು. ಬರೆದುಕೊಡಬೇಕಾಗಿ ಬಂದಾಗ ಯಾರಾದರೂ ಪುಸ್ತಕ ತೆರೆಯುತ್ತಾರೆ. ಅಲ್ಲಿಯವರೆಗೆ ಹೊಸ ಬೈಕನ್ನು ಮಗಳೇ ಓಡಿಸಲಿ, ನೀನು ಹೆಲ್ಮೆಟ್ ಹಾಕಿಕೊಂಡು ಹಿಂದೆ ಕುಳಿತುಕೊ.

ನಿನ್ನ ಗೆಳೆಯ