ಹಕ್ಕಿಯ ಗುರುತಿಗೆ ಬಾಲ, ಬೆನ್ನುಗಳ ಚಿತ್ರವೂ ಬೇಕು

ಮಾನ್ಯ ಸಂಪಾದಕರೇ,

ಮೂಡಿಗೆರೆ, ಸಕಲೇಶಪುರ ಸೀಮೆಯ ಕಾಫಿ ತೋಟಗಳಲ್ಲಿ ಹಾಲುವಾಣದ ಮರಗಳು ಹೂಬಿಟ್ಟಾಗ 'ಅಪರೂಪದ ಹಮ್ಮಿಂಗ್ ಬರ್ಡ್ ಪತ್ತೆ' ಎಂಬ ಒಕ್ಕಣೆಯ ಚಿತ್ರಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತವೆ. ಕೆಲವೊಮ್ಮೆ ಅಚ್ಚೂ ಆಗುತ್ತವೆ. ಹಮ್ಮಿಂಗ್ ಬರ್ಡ್‌ಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮಲ್ಲಿ ಕಾಣುವುದು ಬೇರೆಯೇ ಕುಟುಂಬದ ಸೂರಕ್ಕಿ. ಹೂವಿನೆದುರು ಬಹಳ ಹೊತ್ತು ಗಾಳಿಯಲ್ಲೇ ನಿಂತು ಮಕರಂದ ಹೀರುವ ಜೀವಿಯಾದರೆ ಅದು ಹೆಚ್ಚಾಗಿ ಹಕ್ಕಿಯೇ ಅಲ್ಲ, ಹಗಲಲ್ಲೂ ಹಾರಾಡುವ ಒಂದು ಜಾತಿಯ ಪತಂಗ. ಅದರ ಹೊಟ್ಟೆಯ ತುದಿಯ ಕುಚ್ಚು ಅಗಲಿಸಿದಾಗ ಬಾಲದ ಪುಕ್ಕವೆಂದೇ ತೋರುತ್ತದೆ.

ಹಮ್ಮಿಂಗ್ ಬರ್ಡ್‌ಗಳ ನಾಡಿನಲ್ಲಿ ಬಾಲಕ್ಕೆ ಕೊಡುವ ಮಹತ್ವವನ್ನು ನಾವೂ ಅರಿಯಬೇಕು. ಉತ್ತರ ಪೆರುವಿನಲ್ಲಿ ಮಾತ್ರ ಬದುಕಿರುವ, 1835ರಲ್ಲಿ ಮೊದಲು ದಾಖಲಾದ ಮಾರ್ವೆಲಸ್ ಸ್ಪ್ಯಾಟ್ಯುಲ್‌ಟೇಲ್ ಎಂಬ ಹಕ್ಕಿಗೆ ಬಾಲದಲ್ಲಿ ಇರುವುದು ನಾಲ್ಕೇ ಗರಿ. ಅದರ ಬಂಧುಗಳಿಗೆ ಸಾಮಾನ್ಯವಾಗಿ ಹತ್ತು. ಗಂಡಿನ ಹೊರಗಿನ ಎರಡು ಗರಿಗಳು ತಂತಿಯಂತೆ ನೀಳವಾಗಿ ಬೆಳೆದು, ಒಂದನ್ನೊಂದು ಅಡ್ಡಹಾಯ್ದು, ತುದಿಯಲ್ಲಿ ನೀಲಿ-ನೇರಳೆ ಬಣ್ಣದ ಬಿಲ್ಲೆಗಳಾಗಿ ಅಗಲಗೊಳ್ಳುವುದರಿಂದ ಅದನ್ನು ಬೇರಾವ ಹಕ್ಕಿಯೊಂದಿಗೂ ಗೊಂದಲ ಮಾಡಿಕೊಳ್ಳುವಂತಿಲ್ಲ. ಎಲ್ಲ ಹಕ್ಕಿಗಳೂ ಇಷ್ಟು ಸುಲಭವಾಗಿ ಗುರುತು ಬಿಟ್ಟುಕೊಡುವುದಿಲ್ಲ. ರೂಫಸ್ ಮತ್ತು ಅಲೆನ್ಸ್ ಎಂಬ ಎರಡು ಜಾತಿಗಳ ಹೆಣ್ಣುಗಳು ಎಷ್ಟು ಹೋಲುತ್ತವೆಂದರೆ, ಬಿಚ್ಚಿದ ಬಾಲದ ಸ್ಪಷ್ಟ ಚಿತ್ರವೋ ಗರಿಗಳ ಅಗಲದ ಅಳತೆಯೋ ಸಿಗದೆ ಅನುಭವಿಗಳೂ ಹೆಸರು ಹೇಳಲು ಹಿಂಜರಿಯುತ್ತಾರೆ.

ಇಷ್ಟೇ ಎಚ್ಚರ ನಮ್ಮ ಸೂರಕ್ಕಿಗಳಿಗೂ ಸಲ್ಲಬೇಕು. ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಕ್ರಿಮ್ಸನ್ ಬ್ಯಾಕ್ಡ್ ಸನ್‌ಬರ್ಡ್ ನಮ್ಮ ತೋಟಗಳಿಗೇ ಬಂದು, ಮರಗಳ ಮೇಲಿನ ಬದನಿಕೆಯ ಹೂಗಳಲ್ಲಿ ಮಕರಂದ ಹೀರುತ್ತದೆ. ಗಂಡಿನ ನೆತ್ತಿ ಮಿರುಗುವ ಹಸಿರು, ಬೆನ್ನು ಕಡುಗೆಂಪು, ಹೊಟ್ಟೆ ಹಳದಿ. ಎಲ್ಲೆಡೆ ಕಾಣುವ ಪರ್ಪಲ್ ರಂಪ್ಡ್ ಸನ್‌ಬರ್ಡ್‌ನ ಗಂಡಿಗೂ ಇದಕ್ಕೂ ಹೋಲಿಕೆಯಿದೆ. ಹೆಣ್ಣುಗಳಲ್ಲಂತೂ ಬಾಲದ ಬುಡದ ಮೇಲ್ಭಾಗವೇ ನಿರ್ಣಾಯಕ: ಘಟ್ಟದ ಹಕ್ಕಿಗೆ ಅಲ್ಲಿ ಮಾಸಲು ಕೆಂಪು ಬಣ್ಣವಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಕೊಕ್ಕು, ಕೊರಳುಗಳನ್ನಷ್ಟೇ ತೋರಿಸುವ ಸುಂದರ ಚಿತ್ರದಿಂದ ಇದು ತಿಳಿಯದು.

ಆದ್ದರಿಂದ ಓದುಗರು ಕಳಿಸುವ ಹಕ್ಕಿಯ ಚಿತ್ರಗಳ ಜೊತೆಗೆ ಬೆನ್ನು ಮತ್ತು ಬಾಲ ಕಾಣುವ ಇನ್ನೊಂದು ಚಿತ್ರವನ್ನೂ, ಕಂಡ ಊರು ಹಾಗೂ ದಿನಾಂಕವನ್ನೂ ಕೇಳಿ ಪಡೆದು, ಬಲ್ಲವರಿಗೆ ತೋರಿಸಿದ ನಂತರವೇ ಹೆಸರು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ