ಗಾನಮೇಳ ಬೇಡ ಮಾರಾಯ: ಪೆರ್ಲದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ಗಲ್ಫಿನಿಂದ ಬಂದು ವರ್ಷ ತುಂಬುವ ಮೊದಲೇ ನಿನ್ನನ್ನು ಕ್ಲಬ್ಬಿನ ಅಧ್ಯಕ್ಷ ಮಾಡಿದ್ದಾರೆ ಅಂದರೆ ಊರವರ ಕಣ್ಣು ನಿನ್ನ ಜೇಬಿನ ಮೇಲೂ ಉಂಟು ಅಂತಲೇ ಲೆಕ್ಕ. ತಮಾಷೆಗೆ ಹೇಳಿದೆ, ಬೇಸರ ಮಾಡಬೇಡ. ಹಾಸಿಗೆ ಹಿಡಿದ ರೋಗಿಗಳನ್ನು ಮನೆಗೇ ಹೋಗಿ ನೋಡಿಕೊಳ್ಳುವ ಪಂಚಾಯತಿನ ಪಾಲಿಯೇಟಿವ್‌ನವರಿಗೂ ಬುದ್ಧಿ ಬೆಳವಣಿಗೆಯಲ್ಲಿ ತೊಂದರೆ ಇರುವವರ ಬಡ್ಸ್ ಶಾಲೆಯ ಮಕ್ಕಳಿಗೂ ಸಹಾಯ ಆಗುವ ಹಾಗೆ ಏನಾದರೂ ಗಮ್ಮತ್ತಿನ ಕಾರ್ಯಕ್ರಮ ಮಾಡಬೇಕು ಅನ್ನುವ ನಿನ್ನ ಯೋಚನೆ ಒಳ್ಳೆಯದೇ. ಆದರೆ ಗಾನಮೇಳ, ಎಲ್‌ಇಡಿ ಪರದೆ, ಸಿನಿಮಾದವರು ಅಂತ ನೀನು ಬರೆದ ಪಟ್ಟಿ ನೋಡಿ ಸ್ವಲ್ಪ ಹೆದರಿಕೆಯಾಯಿತು. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ಇಂಥದಕ್ಕೆ ಕೈ ಹಾಕುವವರು ನಮ್ಮ ಕಡೆ ಬೇರೆಯವರೂ ಇದ್ದಾರಲ್ವಾ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ.

ಗಾನಮೇಳದ ಲೆಕ್ಕ ಮೊದಲು ನೋಡುವ. ಪೆಂಡಾಲು, ಸೌಂಡು, ಲೈಟು, ಜನರೇಟರು, ಹಾಡುವವರ ಗಾಡಿ ಬಾಡಿಗೆ, ರೂಮು, ಊಟ. ಒಬ್ಬ ಕುರ್ಚಿಯಲ್ಲಿ ಕೂರುವ ಮೊದಲೇ ಇದೆಲ್ಲ ಕೈಯಿಂದ ಹೋಗಿ ಆಗುತ್ತದೆ. ಮಳೆ ಬಂದರೆ ಕಥೆ ಮುಗಿಯಿತು. ಊರಿನ ಹೆಸರು ಬೇಡ, ನಮ್ಮ ಹತ್ತಿರದ ಒಂದು ಕಡೆ ಮೈದಾನ ತುಂಬಾ ಜನ ಸೇರಿದ್ದರು. ಮರುದಿನ ಲೆಕ್ಕ ಮಾಡಿದರೆ ರೋಗಿಗಳಿಗೆ ಉಳಿದದ್ದು ಪೆಂಡಾಲಿನವನಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಜನ ಕೊಡಲಿಲ್ಲ ಅಂತಲ್ಲ. ಕೊಟ್ಟದ್ದು ಸ್ಟೇಜಿಗೇ ಹೋಯಿತು. ಹಾಗಾಗಿ ನನ್ನದು ಒಂದೇ ಹಠ: ದುಡ್ಡು ಮೊದಲು ಬರಬೇಕು, ಖರ್ಚು ಆಮೇಲೆ ಆಗಬೇಕು.

ಬಿರಿಯಾನಿ ಚಾಲೆಂಜ್ ಇಷ್ಟು ಹಬ್ಬಿದ್ದು ಅದಕ್ಕೇ. ಕಾಸರಗೋಡಿನಿಂದ ತಿರುವನಂತಪುರದವರೆಗೆ ಕ್ಲಬ್ಬಿನವರು, ಪಕ್ಷದವರು, ಮಸೀದಿ ಕಮಿಟಿಯವರು ಎಲ್ಲರೂ ಮಾಡುತ್ತಾರೆ. ಹತ್ತು ಹದಿನೈದು ದಿನ ಮೊದಲೇ ಮನೆ ಮನೆಗೆ, ಬ್ಯಾಂಕಿಗೆ, ಅಂಗಡಿಗೆ ಹೋಗಿ ಆರ್ಡರು ಬರೆದುಕೊಂಡು ದುಡ್ಡು ಪಡೆಯುವುದು. ಎಷ್ಟು ಆರ್ಡರೋ ಅಷ್ಟೇ ಅಡಿಗೆ. ಸುಮ್ನೆ ಲೆಕ್ಕಕ್ಕೆ ಅಂತ ಇಟ್ಟುಕೋ, ಪಾರ್ಸೆಲಿಗೆ 120 ರೂಪಾಯಿ, 500 ಪಾರ್ಸೆಲ್. ಒಲೆ ಹಚ್ಚುವ ಮೊದಲೇ 60,000 ಕೈಯಲ್ಲಿ. ಕೋಳಿ, ಅಕ್ಕಿ, ತುಪ್ಪ, ಸೌದೆ, ಡಬ್ಬಿ ಸೇರಿ ಒಂದಕ್ಕೆ 70 ಬಿದ್ದರೂ 25,000 ಉಳಿಯಿತು. ಕೋಳಿಯನ್ನೋ ಅಕ್ಕಿಯನ್ನೋ ಯಾರಾದರೂ ತಮ್ಮ ಲೆಕ್ಕದಲ್ಲಿ ಕೊಟ್ಟರೆ ಇನ್ನೂ ಜಾಸ್ತಿ.

ಹಣಕ್ಕಿಂತ ಮಜಾ ಇರುವುದು ಹಿಂದಿನ ರಾತ್ರಿ. ಶಾಲೆಯ ಹಿಂದೆ ಕಲ್ಲಿಟ್ಟು ಒಲೆ. ಒಂದು ಕಡೆ ನೀರುಳ್ಳಿ ಕೊಚ್ಚುವವರ ಸಾಲು. ಎಲ್ಲರ ಕಣ್ಣಲ್ಲೂ ನೀರು, ಬಾಯಲ್ಲಿ ಮಾತ್ರ ತಮಾಷೆ. ಚುನಾವಣೆಯಲ್ಲಿ ಮುಖ ನೋಡದವರು ಅಲ್ಲಿ ಒಂದೇ ಚಾಪೆಯಲ್ಲಿ ಕೂತು ಶುಂಠಿ ಸಿಪ್ಪೆ ತೆಗೆಯುತ್ತಾರೆ. ಬೆಳಗ್ಗೆ ದಮ್ ಒಡೆದ ಕೂಡಲೇ ಕೆಲಸದ ರೀತಿಯೇ ಬೇರೆ. ಒಬ್ಬ ಡಬ್ಬಿ ಬಿಡಿಸುತ್ತಾನೆ, ಒಬ್ಬ ಅನ್ನ ಹಾಕುತ್ತಾನೆ, ಒಬ್ಬ ತುಂಡು ಎಣಿಸಿ ಹಾಕುತ್ತಾನೆ. ಉಪ್ಪಿನಕಾಯಿ, ಸಲಾಡ್ ಇಡುವವರು ಬೇರೆ, ರಬ್ಬರ್ ಬ್ಯಾಂಡ್ ಹಾಕುವವನು ಬೇರೆ. ತುಂಡು ಹಾಕುವ ಜಾಗಕ್ಕೆ ಮಾತ್ರ ಗಟ್ಟಿ ಆಳು ಬೇಕು. ದಾಕ್ಷಿಣ್ಯದವನನ್ನು ಕೂರಿಸಿದರೆ ಮೊದಲ ನೂರು ಡಬ್ಬಿಗೆ ಎರಡೆರಡು ತುಂಡು, ಕೊನೆಯವರಿಗೆ ಬರೀ ಅನ್ನ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡ. 2022ರ ಮೇ ತಿಂಗಳಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ಒಬ್ಬಳು ಹುಡುಗಿ ತೀರಿಕೊಂಡದ್ದು ನಿನಗೂ ಗೊತ್ತುಂಟು. ಕೋಳಿ ಬೆಳಗಿನ ಜಾವಕ್ಕೆ ಬರಲಿ, ಹಿಂದಿನ ಸಂಜೆಯೇ ತಂದಿಟ್ಟುಕೊಳ್ಳುವುದು ಬೇಡ. ಬಾವಿ ನೀರಾದರೆ ಕ್ಲೋರಿನ್ ಹಾಕಿಸು. ಮಯೊನೈಸ್ ಗಿಯೊನೈಸ್ ಬೇಡವೇ ಬೇಡ. ಹನ್ನೆರಡೂವರೆಯೊಳಗೆ ಡಬ್ಬಿ ಎಲ್ಲ ಮನೆ ಮುಟ್ಟಬೇಕು. ಹೆಲ್ತ್ ಇನ್‌ಸ್ಪೆಕ್ಟರಿಗೆ ಮೊದಲೇ ಒಂದು ಮಾತು ಹೇಳಿಡು.

ನಮ್ಮ ಕಡೆ ಬಿರಿಯಾನಿ ಮುಟ್ಟದ ಮನೆಗಳೂ ಬೇಕಾದಷ್ಟು ಉಂಟಲ್ವಾ. ಅವರಿಗೆ ಪಾಯಸ ಚಾಲೆಂಜ್. ಓಣಂ ಹೊತ್ತಿಗೆ ಅಡೆ ಪಾಯಸ, ಲೀಟರಿನ ಲೆಕ್ಕದಲ್ಲಿ. ಬೆಳಗ್ಗೆ ಎದ್ದು ಮನೆಯಲ್ಲಿ ಪಾಯಸ ಕಾಯಿಸುವ ಕೆಲಸ ತಪ್ಪಿತು ಅಂತ ಹೆಂಗಸರು ಮೊದಲು ಬರೆಸುತ್ತಾರೆ.

ಬಸ್ಸಿನವರನ್ನು ಮರೆಯಬೇಡ. ಒಂದು ದಿನದ ಓಟವನ್ನು ರೋಗಿಯ ಚಿಕಿತ್ಸೆಗೆ ಅಂತ ಬಿಟ್ಟುಕೊಡುವ ಖಾಸಗಿ ಬಸ್ಸುಗಳು ನಮ್ಮ ರೂಟಿನಲ್ಲೂ ಉಂಟು. ಕಾರುಣ್ಯ ಯಾತ್ರೆ ಅಂತ ಬೋರ್ಡು. ಅವತ್ತು ಟಿಕೆಟ್ ಇಲ್ಲ, ಕಂಡಕ್ಟರನ ಕೈಯಲ್ಲಿ ಬಕೆಟ್. ಮಿನಿಮಮ್ ಚಾರ್ಜು 10 ರೂಪಾಯಿ, ಆದರೆ ಬಕೆಟಿಗೆ ಬೀಳುವುದು 50, 100ರ ನೋಟು. ಡ್ರೈವರು, ಕ್ಲೀನರು ಆ ದಿನದ ಸಂಬಳವನ್ನೂ ಅದಕ್ಕೇ ಹಾಕುತ್ತಾರೆ. ನಿನ್ನ ಕ್ಲಬ್ಬಿಗೆ ಇದರಲ್ಲಿ ಒಂದು ಪೈಸೆ ಖರ್ಚಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಹುಡುಗರನ್ನು ನಿಲ್ಲಿಸಿದರೆ ಸಾಕು.

ಈಗ ನಿನಗೆ ಬೇಕಾದ ಗಮ್ಮತ್ತಿಗೆ ಬರುತ್ತೇನೆ. ಮಳೆಗಾಲದ ಆಟಿ ತಿಂಗಳಲ್ಲಿ ಕೆಸರುಗದ್ದೆ ಆಟ ಇಡು. ಹಗ್ಗಜಗ್ಗಾಟ, ಅಡಿಕೆ ಹಾಳೆಯಲ್ಲಿ ಕೂರಿಸಿ ಎಳೆಯುವುದು, ಗಂಡ ಹೆಂಡತಿ ಓಟ. ತಂಡಕ್ಕೆ ಇಷ್ಟು ಅಂತ ಪ್ರವೇಶ ಶುಲ್ಕ. ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರ ಹಗ್ಗಜಗ್ಗಾಟಕ್ಕೆ ಜನ ಹೇಗೆ ಕೂಗುತ್ತಾರೆ ಅಂತ ನೀನು ಒಮ್ಮೆ ನೋಡಬೇಕು. ಅನೌನ್ಸ್‌ಮೆಂಟು ತುಳುವಿನಲ್ಲೇ ಆಗಲಿ. ಕೆಸರಿನಲ್ಲಿ ಬಿದ್ದವನ ಬಗ್ಗೆ ತುಳುವಿನಲ್ಲಿ ಹೇಳಿದಷ್ಟು ನಗು ಬೇರೆ ಭಾಷೆಯಲ್ಲಿ ಬರುವುದಿಲ್ಲ, ಮಲಯಾಳದವರೂ ಒಪ್ಪುತ್ತಾರೆ. ನೋಟೀಸು ಮಾತ್ರ ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಇಲಿಜ್ವರದ ಕಾಲ ಅದು. ಕಾಲಿನಲ್ಲಿ ಗಾಯ ಇದ್ದವರನ್ನು ಗದ್ದೆಗೆ ಇಳಿಸಬೇಡ. ಉಳಿದವರಿಗೂ ಡಾಕ್ಸಿಸೈಕ್ಲಿನ್ ಮಾತ್ರೆ ಬೇಕಾ ಅಂತ ಆಸ್ಪತ್ರೆಯಲ್ಲಿ ಮೊದಲೇ ಕೇಳು.

ಗದ್ದೆ ಬದಿಯಲ್ಲಿ ಏಲಂ, ಅಂದರೆ ಹರಾಜು, ಇಡಲು ಮರೆಯಬೇಡ. ಇದು ನನ್ನ ಅತಿ ಪ್ರೀತಿಯ ಐಟಂ. ಮನೆ ಮನೆಯಿಂದ ಬಾಳೆಗೊನೆ, ಸೌತೆಕಾಯಿ, ಹಲಸು, ಊರ ಕೋಳಿ ಬರುತ್ತದೆ. ಹತ್ತು ರೂಪಾಯಿಯಿಂದ ಶುರು. ನೂರರವರೆಗೆ ತರಕಾರಿ ವ್ಯಾಪಾರ, ಅದರ ಮೇಲೆ ಪ್ರತಿಷ್ಠೆ. ಭಾವ ಭಾವ ಎದುರು ಬದುರು ನಿಂತರೆ ಒಂದು ಸೌತೆಕಾಯಿ ಸಾವಿರ ದಾಟಿದರೂ ಆಶ್ಚರ್ಯ ಇಲ್ಲ. ಗೆದ್ದವನು ಅದನ್ನು ಮನೆಗೆ ಒಯ್ಯುವುದಿಲ್ಲ, "ಇನ್ನೊಮ್ಮೆ ಕರೆಯಿರಿ" ಅಂತ ವಾಪಸ್ ಕೊಡುತ್ತಾನೆ. ಒಂದೇ ಸೌತೆಕಾಯಿ ಮೂರು ಸಲ ಮಾರಾಟ. ಕರೆಯುವವನಿಗೆ ಊರಿನ ಸಂಬಂಧ ಎಲ್ಲ ಬಾಯಿಪಾಠ ಬರಬೇಕು, ಅಷ್ಟೇ.

ಯಕ್ಷಗಾನ ಬೇಕೇ ಬೇಕು ಅಂತ ನಿಮ್ಮ ಹಿರಿಯರು ಹಠ ಹಿಡಿದರೆ ತಾಳಮದ್ದಳೆ ಮಾಡು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರು ನಾವು, ಬೇಡ ಅನ್ನಲಿಕ್ಕೆ ನನಗೂ ಬಾಯಿ ಬರುವುದಿಲ್ಲ. ವೇಷ ಇಲ್ಲ, ಚೌಕಿ ಇಲ್ಲ, ರಂಗಸ್ಥಳ ಇಲ್ಲ. ಭಾಗವತರು, ಚೆಂಡೆ, ಮದ್ದಳೆ, ಅರ್ಥ ಹೇಳುವವರು ನಾಲ್ಕೈದು ಜನ. ಶಾಲೆಯ ಸಭಾಂಗಣ ಸಾಕು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರೂ ಊರಲ್ಲಿರುತ್ತಾರೆ. ಕರ್ಣನ ಪ್ರಸಂಗ ಇಡಿಸು, ದಾನದ ಮಾತು ತಾನಾಗಿ ಬರುತ್ತದೆ. ಮೈಕಿಗೆ ಪೊಲೀಸರ ಪರವಾನಿಗೆ ತೆಗೆ, ಹತ್ತು ಗಂಟೆಗೆ ಮಂಗಳ ಹಾಡಿಸು.

ಬಂಪರ್ ಬಹುಮಾನ ಬೈಕು ಅಂತ ಕೂಪನ್ ಮಾರುವ ಯೋಚನೆ ಬಿಡು. 1998ರ ಕೇಂದ್ರದ ಕಾನೂನಿನ ಪ್ರಕಾರ ಲಾಟರಿ ನಡೆಸುವುದು ಸರ್ಕಾರಕ್ಕೆ ಮಾತ್ರ. ಕೇರಳ ಸರ್ಕಾರ 1967ರಿಂದ ನಡೆಸುತ್ತಲೂ ಉಂಟು, ಬಡ ರೋಗಿಗಳ ಚಿಕಿತ್ಸೆಗೆ ಅಂತ 2011ರಲ್ಲಿ ಕಾರುಣ್ಯ ಲಾಟರಿಯನ್ನೂ ತಂದಿತು. ಕ್ಲಬ್ಬಿನವರು ಕೂಪನ್ ಡ್ರಾ ಮಾಡಿದರೆ ಕೇಸು ಬೀಳಬಹುದು. ಎಲ್ಲರೂ ಮಾಡುತ್ತಾರಲ್ಲ ಅಂತ ನೀನು ಹೇಳುತ್ತೀ. ಮಾಡುತ್ತಾರೆ. ನೀನು ಮಾಡಬೇಡ.

ಇದೆಲ್ಲಕ್ಕಿಂತ ಮೊದಲು ಒಂದು ಕೆಲಸ ಉಂಟು. ಪಾಲಿಯೇಟಿವ್ ನರ್ಸ್ ಮನೆ ಮನೆಗೆ ಹೋಗುವ ದಿನ, ಅವರು ಒಪ್ಪಿದರೆ ನೀನೂ ಜೀಪು ಹತ್ತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಒಂದು ಕ್ಲಿನಿಕ್ಕಾಗಿ ಶುರುವಾದದ್ದು ಈ ಪಾಲಿಯೇಟಿವ್ ಸೇವೆ, 2008ರಲ್ಲಿ ಕೇರಳ ಸರ್ಕಾರದ ನೀತಿಯೇ ಆಯಿತು. ಈಗ ಪಂಚಾಯತ್ ಪಂಚಾಯತಿಗೆ ನರ್ಸ್ ಇದ್ದಾರೆ. ಏನು ಬೇಕು ಅಂತ ಅವರನ್ನು ಕೇಳು. ನಾವು ವೀಲ್‌ಚೇರ್ ಅಂತ ಯೋಚಿಸುತ್ತೇವೆ, ಫೋಟೊಕ್ಕೆ ಚೆಂದ ಕಾಣುತ್ತದಲ್ವಾ. ಎರಡು ಮೆಟ್ಟಿಲಿರುವ ಮನೆಯ ಮೂಲೆಯಲ್ಲಿ ಅದು ಬಟ್ಟೆ ಒಣಗಿಸಲಿಕ್ಕೆ ಆಗುತ್ತದೆ. ರೋಗಿಗಳಿಗೆ ಬೇಕಾಗುವುದು ದೊಡ್ಡವರ ಡಯಾಪರ್, ಬೆನ್ನು ಹುಣ್ಣಾಗದ ಹಾಗೆ ಏರ್ ಬೆಡ್, ಮೂತ್ರ ಹೋಗಲು ಹಾಕುವ ಕ್ಯಾತೆಟರ್ ಕೊಳವೆ, ಡ್ರೆಸ್ಸಿಂಗಿನ ಹತ್ತಿ ಬಟ್ಟೆ. ಅದೂ ಒಮ್ಮೆ ಅಲ್ಲ, ತಿಂಗಳು ತಿಂಗಳು. ಹಾಗಾಗಿ ಒಟ್ಟಾದ ದುಡ್ಡನ್ನು ಒಂದೇ ದಿನ ಕೊಟ್ಟು ಮುಗಿಸಬೇಡ. ಮೂವರ ಹೆಸರಲ್ಲಿ ಖಾತೆ ಮಾಡಿ ವರ್ಷಕ್ಕೆ ಹಂಚಿ ಕೊಡು. ಕ್ಯುಆರ್ ಕೋಡ್ ಆ ಖಾತೆಯದ್ದೇ ಇರಲಿ, ನಿನ್ನ ಸ್ವಂತದ್ದು ಬೇಡ. ಲೆಕ್ಕ ವಾಟ್ಸ್ಯಾಪಿನಲ್ಲಿ ಹಾಕಿದರೆ ಸಾಲದು, ರೇಶನ್ ಅಂಗಡಿಯ ಗೋಡೆಗೂ ಅಂಟಿಸು. ಸೌದೆಗೆ ಎಷ್ಟು ಕೊಟ್ಟೆ ಅನ್ನುವುದೂ ಅದರಲ್ಲಿ ಕಾಣಲಿ.

ಬಡ್ಸ್ ಶಾಲೆಯ ಮಕ್ಕಳನ್ನು ಸ್ಟೇಜಿಗೆ ಕರೆಸಿ ಸಹಾಯಧನ ಹಸ್ತಾಂತರ ಅಂತ ನೀನು ಬರೆದಿದ್ದೀಯಲ್ಲ, ಅದನ್ನು ಹೊಡೆದು ಹಾಕು. ನಿಮ್ಮ ಎಣ್ಮಕಜೆ ಪಂಚಾಯತಿನವರಿಗೆ ನಾನು ಹೇಳಬೇಕಾ? 70ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು, ಬಡ್ಸ್ ಶಾಲೆಯ ಎಷ್ಟೋ ಮಕ್ಕಳು ಅದರ ಸಂತ್ರಸ್ತರ ಮನೆಯವರು. ಆಮೇಲೆ ಆ ಮನೆಗಳಿಗೆ ಬಂದದ್ದು ಕ್ಯಾಮೆರಾಗಳು. ಮಗುವನ್ನು ಹೀಗೆ ಹಿಡಿಯಿರಿ, ಬೆಳಕಿಗೆ ತಿರುಗಿಸಿ ಅಂತ ಹೇಳಿಸಿಕೊಂಡು ಆ ಅಮ್ಮಂದಿರಿಗೆ ಸಾಕಾಗಿ ಹೋಗಿದೆ. 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ 5 ಲಕ್ಷ ಕೊಡಿ ಅಂತ ಹೇಳಿತು, ಅದಕ್ಕೂ ಎಷ್ಟು ಅಲೆದರು ಅಂತ ನೀನು ಗಲ್ಫಿನಲ್ಲಿದ್ದರೂ ಓದಿರಬಹುದು. ಆ ಮಕ್ಕಳು ಬರುವುದಾದರೆ ಕೆಸರುಗದ್ದೆ ನೋಡಲು, ಪಾಯಸ ಕುಡಿಯಲು ಬರಲಿ. ಎದುರು ಸಾಲಿನಲ್ಲಿ ನೆರಳಿರುವ ಜಾಗ ಅವರಿಗೆ. ವ್ಯಾನು, ಹತ್ತಿರದಲ್ಲೇ ಒಂದು ಶೌಚಾಲಯ, ಇವೆರಡು ನೋಡಿಕೋ. ಬ್ಯಾನರಿನಲ್ಲಿ ಯಾರ ಮುಖವೂ ಬೇಡ, ನಿನ್ನದೂ ಬೇಡ.

ದಿನ ಗೊತ್ತು ಮಾಡುವ ಮೊದಲು ದೇವಸ್ಥಾನ, ಮಸೀದಿ, ಚರ್ಚು ಮೂರು ಕಡೆಯೂ ಕೇಳು. ದೇವಸ್ಥಾನದ ಬ್ರಹ್ಮಕಲಶೋತ್ಸವದ ದಿನ ನಿನ್ನ ಬಿರಿಯಾನಿ ಯಾರಿಗೂ ಬೇಡ.

ಬರುವ ಆದಿತ್ಯವಾರ ಮಧ್ಯಾಹ್ನ ಮೇಲೆ ನಾನು ಪೆರ್ಲಕ್ಕೆ ಬರುವುದುಂಟು. ಗದ್ದೆ ಯಾರದ್ದು ಸಿಗಬಹುದು ಅಂತ ಅಷ್ಟರೊಳಗೆ ವಿಚಾರಿಸಿಡು. ಬಿರಿಯಾನಿ ಮಾಡುವ ದೊಡ್ಡ ಪಾತ್ರೆ ಅಡಿಗೆಯವರಲ್ಲೇ ಉಂಟಾ ಅಂತಲೂ ಕೇಳು, ಇಲ್ಲದಿದ್ದರೆ ನಮ್ಮ ಕ್ಲಬ್ಬಿನದ್ದು ತರಿಸುವ. ಆ ಎಲ್‌ಇಡಿ ಪರದೆಯವನಿಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೆ?

ನಿನ್ನ,
ನೀರ್ಚಾಲಿನ ಗೆಳೆಯ