ಕೆಂಪಿ ಮರಿ ಹಾಕಿದಳು, ಎಲ್ಲರಿಗೂ ಥ್ಯಾಂಕ್ಸ್

ನಮ್ಮ ಕುದುರೆ ಕೆಂಪಿ ಹೆಣ್ಣು ಮರಿ ಹಾಕಿ ಇವತ್ತಿಗೆ 10 ದಿನ. ತಾಯಿ, ಮರಿ ಇಬ್ಬರೂ ಚೆನ್ನಾಗಿದ್ದಾರೆ. ಆ ರಾತ್ರಿಯ ಕಥೆ ನಿಮಗೆಲ್ಲ ಗೊತ್ತೇ ಇದೆ, ಅರ್ಧ ಜನರನ್ನು ನಾನೇ ಫೋನ್ ಮಾಡಿ ಎಬ್ಬಿಸಿದ್ದೆ. ಹಾಗಾಗಿ ಪೂರ್ತಿ ಮತ್ತೆ ಹೇಳಲ್ಲ. ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು.

ಒಣಹುಲ್ಲು ಕಳಿಸಿದವರು, ಲಾಯಕ್ಕೆ ಕ್ಯಾಮೆರಾ ಹಾಕಿಕೊಟ್ಟವರು, ಬೇಕಾದರೆ ಇರಲಿ ಅಂತ ಫ್ರೀಜರಲ್ಲಿ ಗಿಣ್ಣು ಹಾಲು ಎತ್ತಿಟ್ಟವರು, ನನ್ನ ಮಕ್ಕಳನ್ನು ಶಾಲೆಗೆ ಬಿಟ್ಟವರು, ನಿಮ್ಮೆಲ್ಲರ ಋಣ ನನ್ನ ಮೇಲಿದೆ. 15 ನಿಮಿಷದಲ್ಲಿ ಬಂದು, ಒಂದು ಮಾತೂ ಆಡದೆ ತೋಳು ಮಡಚಿ ಕೆಲಸಕ್ಕಿಳಿದ ಡಾಕ್ಟರಮ್ಮನದೂ.

ಉಳಿದಿದ್ದೆಲ್ಲ ಚಿಕ್ಕಪ್ಪನಿಗೆ. ನನ್ನ ಸ್ವಂತ ಚಿಕ್ಕಪ್ಪ ಅಲ್ಲ, ಲಾಯ ನೋಡಿಕೊಳ್ಳುವವರು. ಎಲ್ಲರೂ ಅವರನ್ನು ಹಾಗೇ ಕರೆಯುವುದು.

ಕುದುರೆಗೆ ದಿನ ತುಂಬಲು 11 ತಿಂಗಳು, ಸುಮಾರು 340 ದಿನ ಅಂತಾರೆ. ಕೆಂಪಿ 340 ದಾಟಿದಳು, 350 ದಾಟಿದಳು. ನಾನು ಕ್ಯಾಲೆಂಡರ್ ನೋಡುತ್ತಿದ್ದೆ, ಚಿಕ್ಕಪ್ಪ ಕೆಚ್ಚಲು ನೋಡುತ್ತಿದ್ದರು. ದಿನಾ ಸಂಜೆ ಬಾಲದ ಬುಡ ಒತ್ತಿ, "ಇನ್ನೂ ಗಟ್ಟಿ ಇದೆ, ಹೋಗಿ ಮಲಗು" ಅನ್ನುತ್ತಿದ್ದರು. 354ನೇ ದಿನ ಮೊಲೆತೊಟ್ಟುಗಳ ತುದಿಯಲ್ಲಿ ಮೇಣದಂಥ ಹನಿ ಕಟ್ಟಿತ್ತು. ಬಾಲಕ್ಕೆ ಬಟ್ಟೆ ಸುತ್ತಿ, "ಇವತ್ತು ಮಲಗೋದು ಬೇಡ" ಅಂದರು.

ಆ ಮಾತು ನನಗೆ ಎಲ್ಲಿ ತಾಗಿತು ಅಂತ ಅವರಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಇದೇ ಕೆಂಪಿ, ಇದೇ ಲಾಯ. ಚಿಕ್ಕಪ್ಪ ರಜೆಯಲ್ಲಿದ್ದರು. ನಾನು 11 ಗಂಟೆವರೆಗೆ ಕೂತು, ಇವತ್ತೇನೂ ಆಗಲ್ಲ ಅಂತ ನಾನೇ ತೀರ್ಮಾನ ಮಾಡಿ ಹೋಗಿ ಮಲಗಿದ್ದೆ. ಕುದುರೆಗಳು ಹೆಚ್ಚಾಗಿ ಈಯುವುದೇ ರಾತ್ರಿ, ಸುತ್ತ ಸದ್ದಡಗಿದ ಮೇಲೆ. ಬೆಳಿಗ್ಗೆ ಬಂದರೆ ಮರಿ ಪೊರೆಯೊಳಗೇ ಇತ್ತು. ದಿನ ತುಂಬಿದ ಮರಿ. ಮೂತಿಯ ಮೇಲಿನ ಪೊರೆಯನ್ನು ಯಾರಾದರೂ ಹರಿದಿದ್ದರೆ ಸಾಕಿತ್ತೇನೋ. ಅವತ್ತು ಮಧ್ಯಾಹ್ನ ಓಡಿ ಬಂದು ಅದನ್ನು ಹೂಳಿದವರು ಚಿಕ್ಕಪ್ಪ. ಯಾಕೆ ಎದ್ದು ಹೋದೆ ಅಂತ ಅವತ್ತೂ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ.

ಸರಿ, ಈ ಸಲದ ವಿಷಯ. ನೀರು ಒಡೆದ ಮೇಲೆ ಕುದುರೆಗೆ ಅರ್ಧ ಗಂಟೆ ಕೂಡ ಬೇಕಿಲ್ಲ, ಅಷ್ಟು ಬೇಗ ಮುಗಿಯುತ್ತದೆ. ಎರಡು ಗೊರಸು ಬರಬೇಕು, ಒಂದು ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ, ಮೇಲೆ ಮೂತಿ. ನಮಗೆ ಕಂಡಿದ್ದು ಮೂತಿ ಮತ್ತು ಒಂದೇ ಗೊರಸು. ನಾನು ಎಳೆಯೋಕೆ ಕೈ ಹಾಕಿದೆ. ಚಿಕ್ಕಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡರು. "ಎಳೀಬೇಡ. ಅವಳನ್ನ ಎಬ್ಬಿಸು."

ಎಬ್ಬಿಸಿದೆವು. ನಡೆಯುತ್ತಿದ್ದರೆ ತಿಣುಕುವುದು ಸ್ವಲ್ಪ ಕಡಿಮೆಯಾಗುತ್ತದೆ, ಡಾಕ್ಟರ್ ಬರುವವರೆಗೆ ಸಮಯ ಸಿಗುತ್ತದೆ. ಆ 15 ನಿಮಿಷ ಚಿಕ್ಕಪ್ಪ ಕೆಂಪಿಯನ್ನು ಲಾಯದೊಳಗೆ ಸುತ್ತಿಸುತ್ತ, ಸುತ್ತುಗಳನ್ನು ಜೋರಾಗಿ ಎಣಿಸುತ್ತಿದ್ದರು. ಆಮೇಲೆ ಕೇಳಿದೆ, ಯಾಕೆ ಎಣಿಸಿದಿರಿ ಅಂತ. "ಸುಮ್ನೆ. ನಿನ್ನ ಮುಖ ನೋಡೋದು ತಪ್ಪಲಿ ಅಂತ" ಅಂದರು.

ಮಡಚಿಕೊಂಡಿದ್ದ ಕಾಲನ್ನು ಡಾಕ್ಟರಮ್ಮ ಸರಿ ಮಾಡಿದ ಮೇಲೆ ಮರಿ ಜಾರಿ ಬಂತು. ಗೊರಸಿನ ತುದಿಯಲ್ಲಿ ಹಳದಿ ಮೆತ್ತನೆ ಎಳೆಗಳು, ಒದ್ದೆ ಅಣಬೆಯ ಅಡಿಭಾಗದ ಹಾಗೆ. ಒದ್ದಾಡುವಾಗ ತಾಯಿಯ ಒಳಗೆ ಹರಿಯದೇ ಇರಲಿ ಅಂತ ಇರುವುದಂತೆ. ನಾನು ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಹೊಕ್ಕುಳಬಳ್ಳಿಯನ್ನು ಯಾರೂ ಮುಟ್ಟಲಿಲ್ಲ, ಕೆಂಪಿ ಎದ್ದಾಗ ಅದೇ ಕಡಿಯಿತು. ಮರಿ ಐದು ಸಲ ಬಿದ್ದು, ಗಂಟೆಯೊಳಗೆ ನಿಂತಿತು. ಹಾಲಿಗೆ ಮಾತ್ರ ಕಾಯಿಸಿತು. ಗೋಡೆ ಚೀಪಿತು, ಚಿಕ್ಕಪ್ಪನ ಮೊಣಕೈ ಚೀಪಿತು. ಹುಟ್ಟಿದ ಮರಿಗೆ ರೋಗ ತಡೆಯುವ ಶಕ್ತಿ ಬರಬೇಕಾದದ್ದೇ ಗಿಣ್ಣು ಹಾಲಿನಿಂದ, ಅದೂ ಮೊದಲ ಕೆಲವು ಗಂಟೆಗಳಲ್ಲಿ. ಎರಡು ಗಂಟೆ ಆಗುತ್ತಾ ಬಂದಾಗ ಗುಟುಕರಿಸುವ ಸದ್ದು ಕೇಳಿತು. ಚಿಕ್ಕಪ್ಪ ಆಗಲೂ ಕೂರಲಿಲ್ಲ. ಮಾಸು ಬಿತ್ತಲ್ಲ, ಅದನ್ನು ಹೊರಗೆ ನೆಲದ ಮೇಲೆ ಹರಡಿ, ಟಾರ್ಚ್ ಹಿಡಿದು, ಎರಡೂ ತುದಿ ಪೂರ್ತಿ ಇವೆಯಾ ಅಂತ ನೋಡಿದರು. ಚೂರು ಒಳಗೆ ಉಳಿದರೆ ತಾಯಿಯ ಜೀವಕ್ಕೇ ಅಪಾಯ. ಪೂರ್ತಿ ಇತ್ತು. ಆಮೇಲೆ ಬಕೆಟ್ ಬೋರಲು ಹಾಕಿಕೊಂಡು ಕೂತರು. ಕೂತಲ್ಲೇ ನಿದ್ದೆ.

ಚಿಕ್ಕಪ್ಪ, ನೀವು ಇದನ್ನು ಓದಲ್ಲ ಅಂತ ಗೊತ್ತು. ಯಾರಾದರೂ ಓದಿ ಹೇಳುತ್ತಾರೆ.

ಮರಿಗೆ ಇನ್ನೂ ಹೆಸರಿಟ್ಟಿಲ್ಲ. ಅವರೇ ಇಡಲಿ ಅಂತ ಕಾಯುತ್ತಿದ್ದೇನೆ. ಸದ್ಯಕ್ಕೆ ಅವರು "ಏಯ್" ಅಂತಾರೆ, ಅವಳು ಓಡಿ ಬರುತ್ತಾಳೆ.